ಮೂರನೆಯ ಸಲದ ತಪ್ಪು

೨೦೨೪ನೆಯ ಇಸವಿ, ಆಗಸ್ಟ್ ಹನ್ನೊಂದು, ಭಾನುವಾರ. ಅಕ್ಷತಾಳ ನಡುಮನೆಯ ಷೋಕೇಸಿನಲ್ಲಿ ಊಟದ ಡಬ್ಬಿಯಷ್ಟೇ ಗಾತ್ರದ ಮೂರು ಕಂಪ್ಯೂಟರುಗಳು ಓಡುತ್ತಿದ್ದವು. ಹೆಬ್ಬಾಳದ ಕಚೇರಿಗಳು ಕೈಬಿಟ್ಟ ಹಳೆಯ ಮಾಲು. ಹೂಟಗಳ್ಳಿಯ ರಾಜೇಶ್ ದುರಸ್ತಿ ಮಾಡಿ ಮಾರಿದ್ದ.

ತಾಯಿ ಸರ್ವಮಂಗಳಮ್ಮನವರ ಕಣ್ಣು ಹೋದ ಮೇಲೆ ಅಕ್ಷತಾ ಕೆಲಸ ಬಿಟ್ಟಿದ್ದಳು. ಆಯಾಗಳನ್ನು ತಾಯಿ ಸೇರಿಸುತ್ತಿರಲಿಲ್ಲ. ಮಗಳು ಹಿತ್ತಲಿಗೆ ಹೋದರೂ ಹೆಸರು ಹಿಡಿದು ಕೂಗುತ್ತಿದ್ದರು. ಮನೆಯಲ್ಲೇ ಕುಳಿತು ಮಾಡಬಹುದಾದ ಸರ್ವರ್ ಕೆಲಸವನ್ನು ಆಕೆ ಆ ಯಂತ್ರಗಳ ಮೇಲೆ ಕಲಿಯುತ್ತಿದ್ದಳು.

ರಾಜೇಶ್ ತನ್ನ ಮನೆಯಿಂದಲೇ ಇಂಟರ್ನೆಟ್ಟಿನ ಮೂಲಕ ಅವುಗಳ ಒಳಹೊಕ್ಕು ಕಲಿಸುತ್ತಿದ್ದ. ಹೊರಗಿನವರಲ್ಲಿ ಯಾರನ್ನು ಬಿಡಬೇಕೆಂಬುದು ಫೈರ್‌ವಾಲಿನ ತೀರ್ಮಾನ. ಅದರಲ್ಲಿ ಒಂದು ಸಾಲು ತಪ್ಪಿದರೆ ಬರೆದವನೇ ಹೊರಗುಳಿಯುತ್ತಾನೆ. ಮನೆಗೇ ಬಂದು, ಕೀಬೋರ್ಡ್ ಸಿಕ್ಕಿಸಿ ಸರಿಪಡಿಸಬೇಕು. ಎರಡು ಸಲ ಹಾಗಾಗಿತ್ತು. ಎರಡು ಸಲವೂ ಬಂದು, ತಲೆ ಕೆರೆದುಕೊಂಡು, ಕಾಫಿ ಕುಡಿದು ಹೋಗಿದ್ದ.

ಇದು ಮೂರನೆಯದು.

ಹೆಲ್ಮೆಟ್ಟು ಒತ್ತಿ ಅವನ ಕೂದಲು ಒಂದೇ ಕಡೆಗೆ ಮಲಗಿತ್ತು. ಅದನ್ನು ಸರಿಮಾಡಲು ಎದ್ದ ಕೈಯನ್ನು ಅಕ್ಷತಾ ಕಾಫಿ ಲೋಟದ ಕಡೆಗೆ ತಿರುಗಿಸಿದಳು. ಷೋಕೇಸಿನ ಗಾಜಿನಲ್ಲಿ ಅವನು ಅದನ್ನು ಕಂಡ; ಕಂಡೂ ಕಾಣದವನಂತೆ ಕೇಬಲ್ಲು ಹುಡುಕಿದ.

ಕೆಲಸದ ನಡುವೆ ವಿಷಯ ಹೇಳಿದ. ಅವನ ತಾಯಿ ಬೆಟ್ಟಮ್ಮ ಅವನಿಗೆ ನರಸೀಪುರದ ಕಡೆ ಹೆಣ್ಣು ನೋಡಿದ್ದರು. ನಾಳೆ ಸಂಜೆಯೊಳಗೆ ಮಾತು ಕೊಡಬೇಕಂತೆ. ಬೇರೆಯವರ ಮನೆಯ ಕರೆಂಟ್ ಬಿಲ್ಲು ಓದುವವನ ದನಿಯಿತ್ತು.

"ಇನ್ಮೇಲೆ ಇದು ಕೆಡಲ್ಲ ಬುಡಿ," ಎಂದ.

"ಕೆಟ್ಟಿರಲಿಲ್ಲ. ಈ ಸಲ ನಿಮ್ಮ ದಾರಿ ನಾನೇ ಮುಚ್ಚಿದ್ದು," ಎಂದಳು ಅಕ್ಷತಾ.

ಅವನ ಬೆರಳುಗಳು ನಿಂತವು. ತಿರುಗದೆಯೇ ಹೇಳಿದ:

"ಹಿಂದಿನ ಎರಡೂ ಸಲ ನಾನು ಕಣ್ರೀ. ಬೇರೆ ಯಾರ ಮನೇಲೂ ಆ ತಪ್ಪು ಮಾಡಿಲ್ಲ."

ಅಕ್ಷತಾಳಿಗೆ ನಗು ಬಂತು. ಅದರ ಬೆನ್ನಿಗೇ ಒಳಕೋಣೆಯಿಂದ ಕೂಗೂ ಬಂತು: ಯಾರು, ಯಾರ ಜೊತೆ ಮಾತು?

ಅವಳು ಉತ್ತರಿಸುವ ಮೊದಲೇ ರಾಜೇಶ್ ಎದ್ದು ಒಳಗೆ ಹೋದ. ಸರ್ವಮಂಗಳಮ್ಮ ಯಾವ ಜನವೆಂದು ಕೇಳಿದರು. ಹೂಟಗಳ್ಳಿಯ ಒಕ್ಕಲಿಗರೆಂದು ಮುಚ್ಚಿಡದೆ ಹೇಳಿದ. ಮಠದ ಮನೆತನದ ಮುದುಕಿ ದಿಂಬಿನ ಪಕ್ಕ ತಡಕಿ, ಅಂದಿನ ಪತ್ರಿಕೆಯನ್ನು ಅವನ ಕಡೆ ಚಾಚಿದರು.

"ಪೇಪರ್ ಓದಕ್ಕೆ ಬರುತ್ತೇನಪ್ಪ? ಇವಳು ಬರೀ ಹೆಡ್ಡಿಂಗ್ ಓದಿ ಎದ್ದೋಗ್ತಾಳೆ."

ಅವನು ಕೊನೆಯ ಪುಟದವರೆಗೂ ಓದಿದ. ಬಾಗಿಲ ಚೌಕಟ್ಟಿಗೆ ಒರಗಿ ಅಕ್ಷತಾ ಒಂದು ಅಕ್ಷರವನ್ನೂ ಕೇಳಿಸಿಕೊಳ್ಳದೆ ಅವನ ದನಿಯನ್ನಷ್ಟೇ ಕೇಳಿದಳು. ಮುಗಿದಾಗ ತಾಯಿ ಮತ್ತೆ ಬಾ ಎನ್ನಲಿಲ್ಲ, ಬರಬೇಡವೆಂದೂ ಅನ್ನಲಿಲ್ಲ.

ಬೈಕಿನ ಬಳಿ ರಾಜೇಶ್ ಕೇಳಿದ: "ಅವ್ವಂಗೆ ಏನು ಹೇಳ್ಲಿ?"

"ನಾನಿದೀನಿ ಅಂತ ಹೇಳಿ."

"ಯಾವಾಗ ಬರ್ತಾಳೆ ಅಂದ್ರೆ?"

ಅಕ್ಷತಾ ಒಳಕೋಣೆಯ ಕಿಟಕಿಯ ಕಡೆ ನೋಡಿದಳು. ಕೊಡಲು ಅವಳ ಬಳಿ ಒಂದು ತಾರೀಖೂ ಇರಲಿಲ್ಲ.

"ಅದೊಂದು ಬಾಕಿ ಇರ್ಲಿ. ನೀವಿದೀರ ಅಂತ ಇವತ್ತೇ ಹೇಳ್ತೀನಿ," ಎಂದು ರಾಜೇಶ್ ಬೈಕು ಹತ್ತಿದ.