ದುಬೈ ವಿಮಾನದ ಐದೂವರೆ ಗಂಟೆ

"ಮೇಡಮ್ಮೋರೇ, ನನ್ನ ಗಂಡ ಕೊಲೆ ಮಾಡಿಲ್ಲ. ಸ್ಟೇಷನ್ನಾಗೆ ಹೊಡ್ದು ಕೈ ಮುರ್ದವ್ರೆ!"

ನೂರ್ಜಹಾನ್ ನಮ್ಮ ಆಫೀಸಿನ ಬಾಗಿಲಲ್ಲೇ ಕುಸಿದಳು. ಅದು ೨೦೦೭ರ ಬೇಸಿಗೆ. ರಾಮನಗರದ ವಕೀಲೆ ರಾಧಾಮಣಿಯವರಿಗೆ ನಾನು, ಅಸ್ರಾ, ಜೂನಿಯರ್ ಆಗಿದ್ದೆ. ಪೊಲೀಸರಿಗೆ ಬಗೆಹರಿಯದ ಎಷ್ಟೋ ಪ್ರಕರಣಗಳನ್ನು ಅವರು ಬಿಡಿಸಿದ್ದನ್ನು ಕಂಡಿದ್ದೆ. ಅವತ್ತಿನಂಥ ಸಿಟ್ಟನ್ನು ಮಾತ್ರ ಕಂಡಿರಲಿಲ್ಲ.

ಚನ್ನಪಟ್ಟಣದಲ್ಲಿ ಮರದ ಬೊಂಬೆ ಮಾಡಿಸುತ್ತಿದ್ದ ಅಕ್ಬರಿ ಬೇಗಂ ಶುಕ್ರವಾರ ತಮ್ಮ ಶೆಡ್ಡಿನಲ್ಲೇ ಕೊಲೆಯಾಗಿದ್ದರು. ಸಂಜೆ ಆರೂವರೆಯ ಸುಮಾರಿಗೆ, ಮಗ್ರಿಬ್ ಅಜಾನಿಗೆ ಸ್ವಲ್ಪ ಮುಂಚೆ, ನೆರೆಯವರಿಗೆ ಅವರ ಚೀರಾಟ ಕೇಳಿಸಿತ್ತು. ಬೆಳಿಗ್ಗೆ ರಜೆಗಾಗಿ ಅವರೊಡನೆ ಜಗಳವಾಡಿದ್ದ ಕೆಲಸಗಾರ ವಜೀರಾನನ್ನು ಪೊಲೀಸರು ಹಿಡಿದಿದ್ದರು. ಅವನೇ ನೂರ್ಜಹಾನಳ ಗಂಡ.

"ಪಕ್ಕದ ಪ್ಲಾಸ್ಟಿಕ್ ಬೊಂಬೆ ಫ್ಯಾಕ್ಟರಿಯ ಮನೋಹರ್‌ಗೆ ಆ ಶೆಡ್ಡಿನ ಜಾಗ ಬೇಕಿತ್ತು. ಬೇಗಂ ಕೊಡಲ್ಲ ಅಂದಿದ್ರು. ಮನೋಹರ್‌ನ ಯಾಕೆ ವಿಚಾರಿಸಲಿಲ್ಲ?" ಎಂದು ರಾಧಾಮಣಿ ಸ್ಟೇಷನ್ನಿಗೇ ಹೋಗಿ ಕೇಳಿದರು.

ಇನ್‌ಸ್ಪೆಕ್ಟರ್ ಸ್ವಾಮಿ ನಕ್ಕ. "ಆ ಹೊತ್ನಲ್ಲಿ ಅವ್ರು ಆಕಾಶದಾಗಿದ್ರು ಮೇಡಂ. ದುಬೈಯಿಂದ ಮಧ್ಯಾಹ್ನ ಎರಡಕ್ಕೆ ಹೊರಟು ಸಂಜೆ ಏಳೂವರೆಗೆ ಬೆಂಗಳೂರು. ಟಿಕೆಟ್ ನಾನೇ ನೋಡಿವ್ನಿ."

ನಾವು ಮನೋಹರ್ ಮನೆಗೆ ಹೋದೆವು. ಆತ ಕಾಫಿ ತರಿಸಿ ಹಣೆ ಒರೆಸಿಕೊಂಡ. "ಮೊದಲ ಸಲ ಆ ವಿಮಾನ ಹತ್ತಿದ್ದು. ಒಂದು ಚೂರೂ ನಿದ್ದೆ ಇಲ್ಲ ಮೇಡಂ. ವಾಚು ನೋಡ್ಕೊಂಡೇ ಪೂರ್ತಿ ಐದೂವರೆ ಗಂಟೆ ಕೂತಿದ್ದೆ."

ಕಾಫಿ ಮುಟ್ಟದೆ ರಾಧಾಮಣಿ ಎದ್ದರು. ಗೇಟಿನಾಚೆ ಕೇಳಿದರು: "ಅಸ್ರಾ, ದುಬೈಯಲ್ಲಿರೋ ನಿಮ್ಮಣ್ಣ ಫೋನ್ ಮಾಡಿದಾಗ ಅಲ್ಲಿ ಗಂಟೆ ಎಷ್ಟಿರುತ್ತೆ?"

"ನಮಗಿಂತ ಒಂದೂವರೆ ಗಂಟೆ ಹಿಂದೆ."

ಮರುದಿನ ಅವರು ಮನೋಹರ್, ನೂರ್ಜಹಾನ್ ಎಲ್ಲರನ್ನೂ ಸ್ಟೇಷನ್ನಿಗೆ ಕರೆಸಿದರು.

"ಟಿಕೆಟ್ಟಿನಲ್ಲಿ ಹೊರಡುವ ಸಮಯ ದುಬೈಯದು, ತಲುಪುವ ಸಮಯ ನಮ್ಮದು," ಎಂದರು ರಾಧಾಮಣಿ. "ದುಬೈಯಲ್ಲಿ ಎರಡಾದಾಗ ಇಲ್ಲಿ ಮೂರೂವರೆ. ಮೂರೂವರೆಯಿಂದ ಏಳೂವರೆಗೆ ನಾಲ್ಕೇ ಗಂಟೆ. ಎರಡೂವರೆ ಸಾವಿರ ಕಿಲೋಮೀಟರ್ ದಾಟಿದ ದಾರಿ ಹೋಗೋಕೆ ವಿಮಾನಕ್ಕೆ ಅಷ್ಟು ಸಾಕು. ವಾಚು ನೋಡ್ತಾ ಎಚ್ಚರವಾಗಿ ಕೂತವರಿಗೆ ಐದೂವರೆ ಗಂಟೆ ಎಲ್ಲಿಂದ ಬಂತು, ಮನೋಹರ್? ನೀವು ಆ ವಿಮಾನ ಹತ್ತಲೇ ಇಲ್ಲ. ಟಿಕೆಟ್ ನೋಡಿ ಲೆಕ್ಕ ಹಾಕಿದ್ರಿ. ಇನ್‌ಸ್ಪೆಕ್ಟರೇ, ಇವರ ಪಾಸ್‌ಪೋರ್ಟ್ ತೆಗೆಸಿ."

ಅದರಲ್ಲಿ ಮುಂಬೈಯ ಮುದ್ರೆ ಇತ್ತು, ಬುಧವಾರದ್ದು. ಎರಡು ದಿನ ಮೊದಲೇ ದೇಶಕ್ಕೆ ಬಂದಿದ್ದ ಮನೋಹರ್ ರೈಲು ಹಿಡಿದು ಗುಟ್ಟಾಗಿ ಬಂದು, ಕೊಲೆ ಮಾಡಿ, ರಾತ್ರಿ ಆಗಷ್ಟೇ ವಿಮಾನ ಇಳಿದವನಂತೆ ಪೆಟ್ಟಿಗೆ ಹಿಡಿದು ಮನೆ ಸೇರಿದ್ದ.

"ಒಂದು ಮುದುಕಿ, ಒಂದು ಹಳೇ ಶೆಡ್ಡು! ಅದಕ್ಕಾಗಿ ಫ್ಯಾಕ್ಟರಿ ದೊಡ್ಡದು ಮಾಡೋ ಕೆಲಸ ಎಷ್ಟು ದಿನ ನಿಲ್ಲಿಸ್ಲಿ?" ಎಂದು ಅವನು ಕೂಗಿದ. ನನಗೆ ಮೈಯೆಲ್ಲ ಉರಿಯಿತು.

"ಏನೋ ತಪ್ಪಾಗೋಯ್ತು ಮೇಡಂ," ಎಂದ ಸ್ವಾಮಿ.

ರಾಧಾಮಣಿ ಮೇಜಿಗೆ ಗುದ್ದಿದರು. "ಇವನ ಪಾಸ್‌ಪೋರ್ಟ್ ತೆಗೆದು ನೋಡೋಕೆ ನಿಮಗೆ ಸಂಕೋಚ. ವಜೀರಾನ ಕೈ ಮುರಿಯೋಕೆ ಸಂಕೋಚ ಇರಲಿಲ್ಲ! ನಿಮ್ಮ ಮೇಲೂ ದೂರು ಬರೆದಿದ್ದೀನಿ. ಹೇಳೋದಿದ್ರೆ ಅವನಿಗೆ ಹೇಳಿ."

ವಜೀರಾನನ್ನು ಹೊರಗೆ ಕರೆತಂದರು. ಬಲಗೈ ಊದಿ ನೇತಾಡುತ್ತಿತ್ತು. ಸ್ವಾಮಿ ಬಾಯಿ ತೆರೆಯುವಷ್ಟರಲ್ಲಿ ಅವನು ತಡೆದ.

"ನಾನು ಅಷ್ಟು ಕೂಗ್ಕೊಂಡ್ರೂ ನೀವು ಕೇಳ್ಲಿಲ್ಲ. ಈಗ ನಿಮ್ಮ ಮಾತ್ನ ನಾನ್ಯಾಕೆ ಕೇಳ್ಲಿ?"

ಹೆಂಡತಿಯ ಹೆಗಲು ಹಿಡಿದು, ತಿರುಗಿ ನೋಡದೆ ಅವನು ಮೆಟ್ಟಿಲಿಳಿದ.