ನದೀಕಾಳ ರುಜು

"ಈ ಪಾಲಿಸಿ ರದ್ದಾಗಿ ಎರಡು ತಿಂಗಳಾಯ್ತಲ್ಲ ಸಾರ್."

ಮಂಡ್ಯದ ಖಾಸಗಿ ಆಸ್ಪತ್ರೆಯ ವಿಮೆ ಕೌಂಟರಿನ ಹುಡುಗಿ ಕಾರ್ಡನ್ನು ವಾಪಸು ತಳ್ಳಿದಳು. ರಘುನಂದನ್‌ಗೆ ಮೊದಲು ಅರ್ಥವೇ ಆಗಲಿಲ್ಲ. ಒಳಗೆ ಅವನ ಹೆಂಡತಿ ನದೀಕಾಗೆ ಆಗಷ್ಟೇ ಅಪೆಂಡಿಕ್ಸ್ ಆಪರೇಷನ್ ಮುಗಿದಿತ್ತು. ಅರ್ಧ ಗಂಟೆಯಲ್ಲಿ ಅವನು ಪೊಲೀಸ್ ಠಾಣೆಯಲ್ಲಿದ್ದ.

"ಏಜೆಂಟ್ ಜಯಪ್ರಕಾಶ ಮೋಸ ಮಾಡವ್ನೆ ಮೇಡಂ."

"ಮೊದಲಿಂದ ಹೇಳಿ," ಎಂದಳು ಸಬ್ ಇನ್ಸ್‌ಪೆಕ್ಟರ್ ವೀಣ.

ಅವನು ಭಾರತೀನಗರದ ಪಕ್ಕದ ಹಳ್ಳಿಯವನು. ದೋಹಾದಲ್ಲಿ ಡ್ರೈವರಾಗಿದ್ದಾಗ ಶ್ರೀಲಂಕಾದ ನದೀಕಾಳನ್ನು ಮೆಚ್ಚಿ ಮದುವೆಯಾದ. ಅವಳು ಊರಿಗೆ ಬಂದು ಎಂಟು ತಿಂಗಳು. ಪಾಸ್‌ಪೋರ್ಟು ಹೊರದೇಶದ್ದು, ವೀಸಾ ಒಂದೇ ವರ್ಷದ್ದು. ಮೂರು ಕಂಪನಿಗಳು ಆರೋಗ್ಯ ವಿಮೆ ಕೊಡಲು ಆಗುವುದಿಲ್ಲ ಎಂದವು. ಕೊನೆಗೆ ಮದ್ದೂರಿನ ಜಯಪ್ರಕಾಶ ನಾಲ್ಕನೆಯ ಕಂಪನಿಯಲ್ಲಿ ಮಾಡಿಸಿಕೊಟ್ಟಿದ್ದ.

"ಇಲ್ಲಿ ಅವಳಿಗೆ ನಮ್ಮೋರು ಅಂತ ಯಾರೂ ಇಲ್ಲ ಮೇಡಂ. ಅದೊಂದು ಕಾರ್ಡ್ ಇದ್ರೆ ಧೈರ್ಯ ಅನ್ಕಂಡಿದ್ದೆ."

* * *

ಜಯಪ್ರಕಾಶ ಓಡಿಹೋಗಿರಲಿಲ್ಲ. ಮದ್ದೂರಿನ ತನ್ನ ಅಂಗಡಿಯಲ್ಲೇ ಕೂತಿದ್ದ. ಕೇಳಿದ ಕೂಡಲೇ ಫೈಲು ತೆಗೆದ.

"ನಾನ್ಯಾಕೆ ರದ್ದು ಮಾಡಿಸ್ಲಿ ಮೇಡಂ? ನನ್ ಕಮಿಷನ್ನೂ ಓಯ್ತು. ಪಾಲಿಸಿ ಬ್ಯಾಡ ಅಂದ್ರೆ ಅದು ಬಂದ ತಿಂಗಳೊಳಗೆ ಕಂಪನಿಗೆ ಬರ್ದು ಕೊಡ್ಬೋದು. ಆಯಮ್ಮನೇ ಅಂಚೇಲಿ ಕಳ್ಸವ್ಳೆ. ನೋಡಿ."

ಟೈಪು ಮಾಡಿದ ಒಂದು ಪತ್ರದ ನಕಲು. ಕೆಳಗೆ ಸಿಂಹಳ ಅಕ್ಷರದಲ್ಲಿ ರುಜು.

"ಈ ತಾಲ್ಲೂಕಲ್ಲಿ ಈ ಅಕ್ಷರ ಬರಿಯೋರು ಇನ್ಯಾರವ್ರೆ ಯೋಳಿ?"

ವೀಣ ನಕಲನ್ನು ಮಡಚಿ ಇಟ್ಟುಕೊಂಡಳು. "ಕಟ್ಟಿದ ದುಡ್ಡು?"

"ಗಂಡನ ಅಕೌಂಟಿಗೆ ವಾಪಸ್ ಓಗ್ಯದೆ."

ಹಾಗಾದರೆ ಗಂಡನೇ? ರಘುನಂದನ್ ತನ್ನ ಫೋನನ್ನು ವೀಣಳ ಕೈಗೇ ಕೊಟ್ಟ. ಬ್ಯಾಂಕಿನ ಸಂದೇಶ ಅಲ್ಲಿತ್ತು, ಓದದ ನೂರಾರು ಸಂದೇಶಗಳ ನಡುವೆ, ತೆರೆಯದೆಯೇ. ರದ್ದಾದದ್ದು ಗೊತ್ತಿದ್ದವನು ಅದೇ ಕಾರ್ಡು ಹಿಡಿದು ಕೌಂಟರಿಗೆ ಹೋಗುತ್ತಿರಲಿಲ್ಲ. ತಾನಾಗಿ ಠಾಣೆಗಂತೂ ಬರುತ್ತಲೇ ಇರಲಿಲ್ಲ. ವೀಣ ಅವನ ಮೇಲಿನ ಅನುಮಾನ ಬಿಟ್ಟಳು.

* * *

ಮಾರನೆಯ ದಿನ ಮಧ್ಯಾಹ್ನ ಆಸ್ಪತ್ರೆಯಲ್ಲಿ ಭೇಟಿಯ ಸಮಯ. ಜನರಲ್ ವಾರ್ಡಿನ ಪ್ರತಿ ಮಂಚದ ಸುತ್ತ ನಾಲ್ಕೈದು ಜನ. ನದೀಕಾಳ ಮಂಚದ ಪಕ್ಕದ ಸ್ಟೂಲು ಖಾಲಿ. ಪಕ್ಕದ ಮಂಚದವರ ನಗು ಕೇಳುತ್ತಾ ಅವಳೂ ಸುಮ್ಮನೆ ನಗುತ್ತಿದ್ದಳು. ಅವರ ಮಾತು ಅವಳಿಗೆ ಅರ್ಧವೂ ತಿಳಿದಿರಲಿಕ್ಕಿಲ್ಲ. ಏಳು ವರ್ಷದಿಂದ ಕ್ವಾರ್ಟರ್ಸಿನಲ್ಲಿ ಒಬ್ಬಳೇ ಇರುವ ವೀಣಗೆ ಆ ನಗುವಿನ ಪರಿಚಯವಿತ್ತು.

ಪತ್ರ ತೋರಿಸಿದಳು. ನದೀಕಾ ರುಜುವನ್ನೇ ನೋಡಿದಳು. ಮೊದಲ ಅಕ್ಷರದ ಮೇಲೆ ಬೆರಳಾಡಿಸಿದಳು.

"ನಾನೇ ಬರೆದೆ," ಎಂದಳು ಕೊನೆಗೆ.

"ಯಾಕೆ?"

"ಹಂಗೇ. ಬೇಡ ಅಂತ."

"ಸರಿ. ಇಲ್ಲೊಂದು ರುಜು ಹಾಕಿ."

ಹಾಕಿದಳು. ವೀಣ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಆಗಲೇ ಒಬ್ಬ ಯುವತಿ ಗಂಜಿಯ ಫ್ಲಾಸ್ಕು ಹಿಡಿದು ಬಂದಳು. ರಘುನಂದನ್‌ನ ತಂಗಿ ಅಮೃತ. ಗಂಡನನ್ನು ಬಿಟ್ಟು ಬಂದು ಮೂರು ವರ್ಷದಿಂದ ತವರಿನಲ್ಲೇ ಇದ್ದವಳು.

"ಬಸ್ಸು ಲೇಟಾಯ್ತು ಅತ್ತಿಗೆ. ವತುರ ಕೊಡ್ಲಾ?"

"ವತುರ ಅಂದ್ರೆ?" ವೀಣ ಕೇಳಿದಳು.

"ನೀರು ಮೇಡಂ. ಅತ್ತಿಗೆ ಮಾತು. ನಂಗೆ ಅಕ್ಸರಾನೂ ಕಲಿಸವ್ರೆ."

ನದೀಕಾ ಕಣ್ಣು ಮುಚ್ಚಿಕೊಂಡಳು.

* * *

ರಘುನಂದನ್ ಔಷಧಿ ತೆಗೆದುಕೊಂಡು ಬಂದ ಮೇಲೆ ವೀಣ ಅಣ್ಣತಂಗಿಯನ್ನು ಹೊರಗಿನ ಮೆಟ್ಟಿಲ ಬಳಿ ಕರೆದಳು. ಎರಡು ಕಾಗದಗಳನ್ನು ಗೋಡೆಗೆ ಹಿಡಿದಳು.

"ರಘುನಂದನ್, ಎರಡಕ್ಕೂ ಏನು ವ್ಯತ್ಯಾಸ?"

"ಎರಡೂ ಒಂದೇ ಥರಾನೇ ಅವೆ ಮೇಡಂ."

"ಮೊದಲನೇ ಅಕ್ಷರದ ತಲೆ ನೋಡಿ. ನಿಮ್ಮ ಹೆಂಡತಿ ಹಾಕಿದ ರುಜುವಿನಲ್ಲಿ ತಲೆ ಬೋಳು. ಪತ್ರದಲ್ಲಿ ಮೇಲೊಂದು ಸಣ್ಣ ಗೀಟು ಇದೆ. ತಲಕಟ್ಟು. ಸಿಂಹಳದವರಿಗೆ ತಲಕಟ್ಟು ಗೊತ್ತಿಲ್ಲ. ಚಿಕ್ಕಂದಿನಿಂದ ಕನ್ನಡ ಬರೆದ ಕೈ ಅದನ್ನು ಎಳೆಯೋದು, ತನಗೇ ತಿಳಿಯದ ಹಾಗೆ. ಅಂದ್ರೆ ಸಿಂಹಳ ಕಲಿತ ಕನ್ನಡದವರು ಯಾರೋ ಬರೆದದ್ದು. ಈ ಜಿಲ್ಲೆಯಲ್ಲಿ ಅವಳ ಹತ್ತಿರ ಕೂತು ಅಕ್ಷರ ಕಲಿತವರು ಎಷ್ಟು ಜನ ಇದ್ದಾರೆ?"

ರಘುನಂದನ್ ನಿಧಾನವಾಗಿ ತಂಗಿಯ ಕಡೆ ತಿರುಗಿದ.

"ಲೇ ಅಮೃತ. ನೀನಾ?"

ಅಮೃತ ಫ್ಲಾಸ್ಕನ್ನು ಎದೆಗೆ ಒತ್ತಿಕೊಂಡಳು.

"ನಾನು ಬಂದು ಮೂರು ವರ್ಸ ಆಯ್ತು ಕಣಣ್ಣ. ಹೋದ್ ವರ್ಸ ಡೆಂಗಿ ಬಂದು ಸಾಯಂಗಾಗಿದ್ದೆ. ಅಮೃತಂಗೂ ಒಂದು ಕಾರ್ಡ್ ಮಾಡ್ಸವಾ ಅಂತ ನಿಂಗೆ ಅನ್ನಿಸ್ತಾ? ಅವ್ಳಿಗಾದ್ರೆ ನಾಕು ಕಂಪನಿ ಬಾಗ್ಲು ತಟ್ಟಿದೆ. ಕಾರ್ಡು ಬಂದ ದಿನ ಅವ್ವ ಪಾಯಸ ಮಾಡುದ್ಲು."

"ಅದಕ್ಕೆ ಇಂಗಾ ಮಾಡೋದು?"

"ಒಟ್ಟೆ ಉರೀತು, ಮಾಡ್ಬುಟ್ಟೆ. ಆಮೇಲೆ ಯೋಳಕ್ಕೆ ಬಾಯಿ ಬರ್ಲಿಲ್ಲ. ಅವ್ಳಿಗೆ ಕಾಯಿಲೆ ಬತ್ತದೆ ಅಂತ ಅಂದ್ಕಂಡಿರ್ಲಿಲ್ಲ." ಅವಳು ವೀಣಳ ಕಡೆ ತಿರುಗಿದಳು. "ಅಕ್ಸರ ಕಲ್ತಿದ್ದು ಇದಕ್ಕಲ್ಲ ಮೇಡಂ. ಅದು ಪ್ರೀತಿಗೇ ಕಲ್ತಿದ್ದು."

ರಘುನಂದನ್ ಮೆಟ್ಟಿಲ ಮೇಲೆ ಕೂತುಬಿಟ್ಟ. ವೀಣ ಹೆಡ್ ಕಾನ್‌ಸ್ಟೇಬಲ್ ರೂಪಳಿಗೆ ಸನ್ನೆ ಮಾಡಿದಳು. ಅಮೃತ ತಾನಾಗಿಯೇ ಜೀಪಿನ ಕಡೆ ನಡೆದಳು.

* * *

ಹೇಳಿಕೆ ಬರೆದುಕೊಳ್ಳಲು ವೀಣ ವಾರ್ಡಿಗೆ ಮರಳಿದಳು. ಸ್ಟೂಲಿನ ಮೇಲೆ ಕೂತಳು.

"ಪತ್ರ ನೋಡಿದ ತಕ್ಷಣ ನಿಮಗೆ ಗೊತ್ತಾಯ್ತು, ಅಲ್ವಾ?"

ನದೀಕಾ ತಲೆಯಾಡಿಸಿದಳು.

"ಮತ್ತೆ ನಾನೇ ಬರೆದೆ ಅಂದಿರಿ."

ನದೀಕಾ ಕನ್ನಡದ ಪದಗಳನ್ನು ಒಂದೊಂದಾಗಿ ಹುಡುಕಿದಳು.

"ಗಂಡ ಬೆಳಿಗ್ಗೆ ಹೋಗ್ತಾನೆ, ರಾತ್ರಿ ಬರ್ತಾನೆ. ಅತ್ತೆ ಜೊತೆ ಮಾತು ಬರಲ್ಲ. ಇಡೀ ದಿನ ನನ್ನ ಜೊತೆ ಅವಳೇ ಮಾತಾಡೋದು. ಅವಳೂ ಹೋದರೆ?"

ಭೇಟಿಯ ಸಮಯ ಮುಗಿದ ಗಂಟೆ ಹೊಡೆಯಿತು. ಪಕ್ಕದ ಮಂಚಗಳ ಜನ ಚೀಲ ಎತ್ತಿಕೊಂಡು ಎದ್ದರು. ವೀಣ ಏಳಲಿಲ್ಲ.

"ಮೇಡಂ," ನದೀಕಾ ಕೇಳಿದಳು, "ಅಮೃತ ಊಟ ಮಾಡಿದಳಾ?"