ಭೂಮಿತಾಯಿಯ ಬಟ್ಟಲು

ಬಲು ಹಿಂದೆ, ಬೆಟ್ಟಗಳೂ ಮಾತಾಡುತ್ತಿದ್ದ ಕಾಲದಲ್ಲಿ, ಇಪ್ಪೆಗಿರಿ ಅಂತ ಒಂದು ರಾಜ್ಯ. ಅಲ್ಲಿನ ದೊರೆ ಮುತ್ತರಸ. ಮನಸ್ಸು ಒಳ್ಳೆಯದು, ಕೈ ಮಾತ್ರ ಬಲು ಬಿಗಿ. ಎಂಜಲು ಕೈಯಲ್ಲಿ ಕಾಗೆ ಓಡಿಸದವನು ಅಂತಾರಲ್ಲ, ಅಂಥವನು.

ಊರಾಚೆ ಹಳ್ಳದ ಪಕ್ಕ ಸಿಂಗಾರಿ ಅನ್ನುವವಳು ಗಂಡ ಮಾಯಿಗನ ಜೊತೆ ಭಟ್ಟಿ ಇಳಿಸಿಕೊಂಡು ಸುಖವಾಗಿದ್ದಳು. ಇಪ್ಪೆಹೂವನ್ನು ಗಡಿಗೆಯಲ್ಲಿ ಕೊಳೆಹಾಕಿ, ಹುಳಿ ಬಂದ ಮೇಲೆ ಒಲೆಗೇರಿಸಿ, ಎದ್ದ ಹಬೆಯನ್ನು ತಣ್ಣೀರಿನಿಂದ ತಣಿಸಿ, ಹನಿಹನಿಯಾಗಿ ಸಾರಾಯಿ ಹಿಡಿಯುವುದು ಅವರ ಕಸುಬು. ಆ ಮನೆಯದೊಂದು ಪದ್ಧತಿ. ಕೊಳವೆಯಿಂದ ಮೊದಲು ಇಳಿದ ಬಟ್ಟಲನ್ನು ಯಾರೂ ಕುಡಿಯುವಂತಿಲ್ಲ, ನೆಲಕ್ಕೆ ಸುರಿಯಬೇಕು.

"ಕೆಟ್ಟದ್ದು ಮುಂದೆ ಓಡಿಬರುತ್ತೆ, ಒಳ್ಳೇದು ನಿಧಾನಕ್ಕೆ ಬರುತ್ತೆ. ಮೊದಲಿನದು ಭೂಮಿತಾಯಿ ಪಾಲು. ಅವಳಾದರೆ ತಡೀತಾಳೆ, ನಾವು ತಡೀತೀವಾ?" ಅನ್ನುತ್ತಿದ್ದಳು ಸಿಂಗಾರಿ.

ಹೀಗಿರುವಾಗ ಬಡಗಣ ಮಂಜಿನ ಬೆಟ್ಟದಿಂದ ಶೀತಕೇತು ಎಂಬ ಮಾಯಾವಿ ಬಂದ. ಅವನು ಏರಿದ್ದು ಮಂಜುಗಡ್ಡೆಯ ಗೂಳಿ. ಅದರ ಕೊರಳಲ್ಲೊಂದು ಗಂಟೆ. ಅರಮನೆಯಲ್ಲಿ ಹುಳಿ ಬಂದ ಇಪ್ಪೆರಸದ ಗಡಿಗೆ ತರಿಸಿ 'ಹೂ' ಅಂತ ಊದಿದ. ರಸದೊಳಗಿನ ನೀರೆಲ್ಲ ಮಂಜುಗಡ್ಡೆಯಾಯಿತು, ಮದ್ಯ ಮಾತ್ರ ಹೆಪ್ಪುಗಟ್ಟದೆ ಉಳಿಯಿತು. ಗಡ್ಡೆ ತೆಗೆದೆಸೆದು ಮತ್ತೆ ಊದಿದ, ಮದ್ಯ ಇನ್ನಷ್ಟು ಖಾರವಾಯಿತು.

"ಕಟ್ಟಿಗೆ ಬೇಡ, ಹೊಗೆಯಿಲ್ಲ. ನೀರು ಬಿಟ್ಟರೆ ಏನೂ ದಂಡವಾಗಲ್ಲ, ದೊರೆ!" ಅಂದ.

ದಂಡವಾಗಲ್ಲ ಅಂದದ್ದೇ ತಡ, ಮುತ್ತರಸ ಹಿರಿಹಿರಿ ಹಿಗ್ಗಿದ. ಅವತ್ತೇ ರಾಜ್ಯದ ಭಟ್ಟಿಗಳೆಲ್ಲ ಆರಿಹೋದವು.

ಮಾಯಿಗನಿಗೂ ಆಸೆ ಹುಟ್ಟಿತು. "ನೋಡೇ ಬರ್ತೀನಿ ತಾಳೇ" ಅಂತ ಹೋದವನು ನೋಡಿ ಸುಮ್ಮನಿದ್ದನೇ? ಹೊಟ್ಟೆತುಂಬ ಕುಡಿದ. ಮಾರನೆಯ ಬೆಳಗ್ಗೆ ಗೋಡೆ ತಡವುತ್ತಾ ಮನೆಗೆ ಬಂದ. ಎರಡು ಕಣ್ಣಿನ ಮೇಲೂ ಬಿಳಿ ಮಂಜಿನ ಪೊರೆ.

"ಸಿಂಗಾರಿ, ನಿನ್ನ ಮುಖ ಕಾಣಿಸ್ತಿಲ್ವಲ್ಲೇ!"

ಅರ್ಧ ಊರಿಗೆ ಇದೇ ಗತಿ. ದೊರೆಯೊಬ್ಬ ಬಚಾವಾಗಿದ್ದ. ಹಬ್ಬಕ್ಕಿರಲಿ ಅಂತ ತನ್ನ ಪಾಲನ್ನು ಎತ್ತಿಟ್ಟಿದ್ದನಲ್ಲ! ಕಣ್ಣು ಬೆಳ್ಳಗಾದವರು ಗೂಳಿಯ ಗಂಟೆ ಕೇಳಿದರೆ ಸಾಕು, ಎದ್ದು ಅದರ ಹಿಂದೆ ನಡೆದು, ಮಂಜಿನ ಬೆಟ್ಟ ಸೇರಿ ಕಂಬವಾಗಿ ನಿಂತುಬಿಡುತ್ತಿದ್ದರು. ಸಿಂಗಾರಿ ಗಂಡನನ್ನು ಕಂಬಳಿಯಲ್ಲಿ ಸುತ್ತಿ, ಕಿವಿಗೆ ಅರಳೆ ತುರುಕಿ, ಸೆರಗು ಬಿಗಿದು ಅರಮನೆಗೆ ನಡೆದಳು.

"ಏಯ್ ಮಾಯಾವಿ, ನನ್ನ ಭಟ್ಟಿಗೂ ನಿನ್ನ ಮಂಜಿಗೂ ಪಂದ್ಯ. ನಾನು ಗೆದ್ದರೆ ನನ್ನ ಗಂಡನ ಕಣ್ಣು ತಿರುಗಿ ಕೊಡು. ಸೋತರೆ ನಾನೂ ನಿನ್ನ ಬೆಟ್ಟಕ್ಕೆ ಬಂದು ಕಂಬ ಆಗ್ತೀನಿ."

"ಬಾರೇ ಬಾ, ಒಂದು ಕಂಬ ಕಮ್ಮಿ ಇತ್ತು" ಅಂತ ನಕ್ಕ ಶೀತಕೇತು.

ಮೊದಲ ಪರೀಕ್ಷೆ, ಯಾರದು ಬೇಗ? ಮಾಯಾವಿ ಊದಿದ, ಗಡ್ಡೆ ತೆಗೆದ, ಮುಗಿಯಿತು. ಸಿಂಗಾರಿ ಇನ್ನೂ ಒಲೆ ಊದುತ್ತಾ ಮುಖಕ್ಕೆಲ್ಲ ಮಸಿ ಮೆತ್ತಿಕೊಳ್ಳುತ್ತಿದ್ದಳು. ಮೊದಲ ಬಟ್ಟಲು ತುಂಬಿದಾಗ, ಆಮೇಲೆ ಪದ್ಧತಿಯಂತೆ ನೆಲಕ್ಕೆ ಸುರಿಯೋಣ ಅಂತ ಪಕ್ಕಕ್ಕಿಟ್ಟಳು. ಆ ಸುತ್ತು ಮಾಯಾವಿಗೆ ಹೋಯಿತು.

ಎರಡನೆಯದು, ಯಾರದು ಖಾರ? ಎರಡು ಬತ್ತಿ ನೆನೆಸಿ ಬೆಂಕಿ ತಾಗಿಸಿದರು. ಸಿಂಗಾರಿಯ ಬತ್ತಿ ನೀಲಿಯಾಗಿ ಉರಿಯಿತು. ಮಾಯಾವಿಯದು ಚುರ್ ಎಂದು ಆರಿತು. ಅವನು ಕೆನ್ನೆ ಉಬ್ಬಿಸಿ ಮತ್ತೆಮತ್ತೆ ಊದಿದ. ಮದ್ಯ ಖಾರವಾದಷ್ಟೂ ಹೆಪ್ಪುಗಟ್ಟಲ್ಲ ಅಂತ ಹಟ ಹಿಡಿಯಿತು, ಉಳಿದ ನೀರು ಬೇರೆಯಾಗಲೇ ಇಲ್ಲ.

ಮೂರನೆಯದನ್ನು ಸಿಂಗಾರಿಯೇ ಹೇಳಿದಳು. "ಮಾಡಿದವರು ತಾವೇ ಕುಡೀಬೇಕು. ಅದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?" ಹಾಗೆಂದು ತನ್ನ ಸಾರಾಯಿಯನ್ನು ಒಂದು ಗುಟುಕು ಕುಡಿದು ಸೆರಗಿನಿಂದ ತುಟಿ ಒರೆಸಿಕೊಂಡಳು. ಕಣ್ಣು ಪಳಪಳ ಹೊಳೆಯುತ್ತಿತ್ತು.

ಶೀತಕೇತು ತನ್ನ ಗಡಿಗೆ ನೋಡಿದ. ಮುಟ್ಟಲಿಲ್ಲ.

"ಯಾಕಪ್ಪಾ?" ಅಂದ ದೊರೆ.

"ಯಾಕೆ ಅಂದರೆ, ಮಾಸ್ವಾಮಿ, ಮಂಜು ನೀರನ್ನಷ್ಟೇ ತೆಗೆಯುತ್ತೆ," ಅಂದಳು ಸಿಂಗಾರಿ. "ರಸದಲ್ಲಿದ್ದ ಕೆಟ್ಟದ್ದು ಅಲ್ಲೇ ಕೂತು ಗಟ್ಟಿಯಾಗುತ್ತೆ. ಬೆಂಕಿಯಾದರೆ ಅದನ್ನು ಮುಂದಾಗಿ ಕೈಗೆ ಕೊಡುತ್ತೆ."

ಮಾಯಾವಿಗೆ ಉರಿದುಹೋಯಿತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಆ ಬಟ್ಟಲು ಕಣ್ಣಿಗೆ ಬಿತ್ತು. ತನ್ನ ಗಡಿಗೆಯಲ್ಲಿ ಉಳಿದದ್ದು ಕೆಟ್ಟದ್ದು ಅಂತ ಅವನಿಗೆ ಗೊತ್ತಿತ್ತು. ಅವಳು ಪಕ್ಕಕ್ಕಿಟ್ಟದ್ದು ಒಳ್ಳೆಯದೇ ಇರಬೇಕು ಅಂದುಕೊಂಡ. ಪಾಪ, ಅವನಿಗೇನು ಗೊತ್ತು, ಎಂದೂ ಒಂದು ಹನಿಯನ್ನೂ ನೆಲಕ್ಕೆ ಬಿಟ್ಟುಕೊಟ್ಟವನಲ್ಲ!

"ಕಳ್ಳಿ! ಚೆನ್ನಾಗಿರೋದನ್ನು ಬಚ್ಚಿಟ್ಟಿದೀಯಾ? ಬಾಯಿ ಮಾತೇಕೆ, ನಿನ್ನದನ್ನೇ ಕುಡೀತೀನಿ!"

"ಅಯ್ಯಯ್ಯೋ, ಬೇಡ ಕಣೋ! ಅದು ಭೂಮಿತಾಯಿ ಪಾಲು!" ಸಿಂಗಾರಿ ಕೂಗಿಕೊಂಡಳು. ಕೇಳುವವರು ಯಾರು? ಗಟಗಟ ಕುಡಿದೇಬಿಟ್ಟ.

ಭೂಮಿತಾಯಿ ತನ್ನ ಪಾಲನ್ನು ಬಿಡುತ್ತಾಳೆಯೇ? ಮಾಯಾವಿಯ ಕಾಲ ಕೆಳಗೆ ನೆಲ ಬೆಚ್ಚಗಾಯಿತು. ಅವನ ಪಾದ ಕರಗಿತು, ಸೊಂಟ ಕರಗಿತು, ಗಡ್ಡವೂ ಕರಗಿತು. ಅಲ್ಲಿದ್ದದ್ದು ಒಂದು ಹೊಂಡ ತಣ್ಣೀರು, ಅದನ್ನೂ ನೆಲ ಹೀರಿಕೊಂಡಿತು. ಮಂಜಿನ ಗೂಳಿ ಮೈಕೊಡವಿ ಕೆಂದ ಬಣ್ಣದ ಸಾಧುವಾದ ಹೋರಿಯಾಯಿತು. ಬೆಟ್ಟದ ಕಂಬಗಳೆಲ್ಲ ಮನುಷ್ಯರಾಗಿ, ಹಸಿವು ಹಸಿವು ಅನ್ನುತ್ತಾ ಇಳಿದು ಬಂದವು.

ಸಿಂಗಾರಿ ಮನೆಗೆ ಓಡಿದಳು. ಮಾಯಿಗನ ಕಣ್ಣಿನ ಪೊರೆ ನೀರಾಗಿ ಕೆನ್ನೆ ಮೇಲೆ ಇಳಿಯುತ್ತಿತ್ತು. ಅವನು ಕಣ್ಣುಜ್ಜಿಕೊಂಡು ಅವಳನ್ನೇ ನೋಡಿದ.

"ಇದೇನೇ ಇದು, ಮುಖಕ್ಕೆಲ್ಲ ಮಸಿ!"

"ಕಾಣ್ತಾ?" ಅಂದವಳೇ ಅವನನ್ನು ತಬ್ಬಿಕೊಂಡು ಗೊಳೋ ಅಂತ ಅತ್ತಳು.

ಆಮೇಲೆ ಭಟ್ಟಿಗಳು ಮತ್ತೆ ಹೊತ್ತಿದವು, ಕಟ್ಟಿಗೆ ಹೊರೋದಕ್ಕೆ ಕೆಂದ ಹೋರಿ ಬಂತು. ಆ ವರ್ಷದ ಮೊದಲ ಬಟ್ಟಲನ್ನು ಮುತ್ತರಸ ತನ್ನ ಬಿಗಿ ಕೈಯಿಂದಲೇ ನೆಲಕ್ಕೆ ಸುರಿದ. ಕೊನೆಯ ಹನಿವರೆಗೂ ಸುರಿದ, ಊರಿಗೆ ಊರೇ ಬಾಯಿಬಿಟ್ಟು ನೋಡಿತು.

ಅವರ ಒಲೆ ಉರಿಯಿತು, ಅವರ ಹೊಟ್ಟೆ ತಣ್ಣಗಾಯಿತು. ಕತೆ ಕೇಳಿದ ನಿಮ್ಮ ಕಣ್ಣು ಬೆಳಗಲಿ.